ಗೋಡೆಯಾಚೆಯಿಂದ ಕೇಳಿದ ಹಳ್ಳಿ

ಧ್ವನಿಮುದ್ರಣದ ಕೆಲಸಕ್ಕೆ ಸೇರುವವರು ಮೊದಲು ಕಲಿಯಬೇಕಾದದ್ದು ತಮ್ಮ ಕಿವಿಯನ್ನು ಪೂರ್ತಿ ನಂಬದಿರುವುದು. ನನಗೆ ಇದನ್ನು ಕಲಿಸಿದವರು ಹೆರ್ ಬ್ರಾಂಟ್, ಅಂದರೆ ಶ್ರೀಯುತ ಬ್ರಾಂಟ್. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಅವರದೊಂದು ಚಿಕ್ಕ ಕಂಪನಿ ಇತ್ತು. ಶಾಸ್ತ್ರೀಯ ಸಂಗೀತವನ್ನು ಮಾತ್ರ ಮುದ್ರಿಸುತ್ತಿದ್ದರು. ಧ್ವನಿಶಾಸ್ತ್ರದಲ್ಲಿ ಡಾಕ್ಟರೇಟ್ ಮುಗಿಸಿ, ಕೆಲಸ ಸಿಗದೆ ಅಲೆಯುತ್ತಿದ್ದ ನನ್ನನ್ನು ಅವರು ಸೇರಿಸಿಕೊಂಡರು.

ಸೇರಿದ ಹೊಸತರಲ್ಲಿ ಒಬ್ಬ ಚೆಲ್ಲೋ ವಾದಕ ಬಂದಿದ್ದ. ತನ್ನ ವಾದ್ಯದ ಧ್ವನಿ ತಣ್ಣಗೆ ಕೇಳುತ್ತಿದೆ ಎಂದು ಬೆಳಗಿನಿಂದ ಗೊಣಗುತ್ತಿದ್ದ. ಬ್ರಾಂಟ್ ಎದ್ದು ಹೋಗಿ ಯಂತ್ರದ ಒಂದು ತಿರುಗುಗುಂಡಿಯನ್ನು ನಿಧಾನವಾಗಿ ತಿರುಗಿಸಿದರು.

"ಈಗ?"

"ಹಾಂ. ಈಗ ಬೆಚ್ಚಗಿದೆ" ಎಂದ ವಾದಕ.

ನನಗೂ ಬೆಚ್ಚಗೆ ಕೇಳಿಸಿತು. ವಾದಕ ಹೋದ ಮೇಲೆ ಬ್ರಾಂಟ್ ಯಂತ್ರದ ಹಿಂಬದಿಯನ್ನು ತೋರಿಸಿದರು. ಆ ಗುಂಡಿಗೆ ತಂತಿಯೇ ಇರಲಿಲ್ಲ.

"ನಿಮಗೂ ವ್ಯತ್ಯಾಸ ಕೇಳಿಸಿತೆ, ಹೆರ್ ಪಾಟೀಲ್?"

"ಕೇಳಿಸಿತು."

"ಒಳ್ಳೆಯದು. ಇಲ್ಲ ಎಂದಿದ್ದರೆ ನಾಳೆಯಿಂದ ಬರಬೇಡಿ ಅನ್ನುತ್ತಿದ್ದೆ."

ಕಣ್ಣೆದುರಿನ ಗುಂಡಿಯ ವಿಷಯದಲ್ಲೇ ಕಿವಿ ಹೀಗೆ ಮಾಡಿದರೆ, ಮೂವತ್ತು ವರ್ಷ ಹಿಂದಿನ ಮಾತಿನ ವಿಷಯದಲ್ಲಿ ನೆನಪು ಏನು ಮಾಡೀತು? ಈ ಪ್ರಶ್ನೆಯನ್ನು ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಹೊಸದಾಗಿ ಈ ಕೆಲಸಕ್ಕೆ ಬರುವ ನಮ್ಮ ಹುಡುಗ ಹುಡುಗಿಯರಿಗಾಗಿ ಏನಾದರೂ ಬರೆಯಿರಿ ಎಂದವಳು ಮೇಘನಾ. ಉಡುಪಿ ಕಡೆಯವಳು. ಎಷ್‌ಬಾರ್ನ್‌ನಲ್ಲಿ ಹಳೆಯ ಮುದ್ರಣಗಳನ್ನು ಹೊಸದಾಗಿ ಹೊರತರುವ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಬ್ರಾಂಟ್ ಅವರ ಕಂಪನಿ ಮುಚ್ಚಿದಾಗ ನಮ್ಮ ಟೇಪುಗಳನ್ನೆಲ್ಲ ಕೊಂಡವರು ಇವರೇ.

ಕೆಲಸ ಹೇಗಿರುತ್ತಿತ್ತು ಎಂದು ಮೊದಲು ಹೇಳುತ್ತೇನೆ. ಸಂಗೀತ ಗೋಡೆಯ ಆಚೆ ನಡೆಯುತ್ತದೆ, ನಾವು ಈಚೆ ಇರುತ್ತೇವೆ. ನಮ್ಮ ಮುದ್ರಣಗಳು ಹೆಚ್ಚಾಗಿ ನಡೆಯುತ್ತಿದ್ದದ್ದು ಓಡನ್‌ವಾಲ್ಡ್ ಗುಡ್ಡಗಳ ನಡುವಿನ ಒಂದು ಹಳ್ಳಿಯ ಚರ್ಚಿನಲ್ಲಿ. ಕಲ್ಲಿನ ಗೋಡೆ, ಮರದ ಚಾವಣಿ. ಧ್ವನಿ ಅಲ್ಲಿ ಅವಸರವಿಲ್ಲದೆ ಆರುತ್ತಿತ್ತು. ವಾದಕರು ಒಳಗೆ. ನಾನು ಪಾದ್ರಿಗಳು ನಿಲುವಂಗಿ ತೊಡುವ ಪಕ್ಕದ ಕೋಣೆಯಲ್ಲಿ, ಹೆಡ್‌ಫೋನ್ ಹಾಕಿಕೊಂಡು. ಅವರಿಗೆ ನಾನು ಒಂದು ಕೆಂಪು ದೀಪ ಮತ್ತು ಸ್ಪೀಕರಿನಿಂದ ಬರುವ ಒಂದು ದನಿ. ಗುಂಡಿ ಒತ್ತಿ ಮಾತಾಡಬೇಕು, ಬಿಟ್ಟು ಕೇಳಬೇಕು. ಲೆಕ್ಕ ಹಾಕಿದರೆ ನನ್ನ ಆಯುಷ್ಯದ ಹೆಚ್ಚಿನ ಸಂಭಾಷಣೆ ಗೋಡೆಯಾಚೆಯವರ ಜೊತೆಗೇ ನಡೆದಿದೆ. ಮನೆಯಲ್ಲೂ ಹಾಗೇ ಇದ್ದೆ ಎಂದು ಒಬ್ಬರು ಹೇಳಿದ್ದರು. ಆ ಮದುವೆ ಹೆಚ್ಚು ಕಾಲ ಬಾಳಲಿಲ್ಲ. ಅದರ ಕಥೆ ಇಲ್ಲಿ ಬೇಡ.

ಬ್ರಾಂಟ್ ಅವರಿಗೆ ಎರಡು ಕಟ್ಟಳೆಗಳಿದ್ದವು. ಒಂದು, ದಿನದ ಕೆಲಸ ಮುಗಿದು ಎಲ್ಲರೂ ಹೊರಗೆ ಹೋದ ಮೇಲೆ ಖಾಲಿ ಕೋಣೆಯನ್ನು ಮುದ್ರಿಸಬೇಕು. ಪ್ರತಿಯೊಂದು ಜಾಗಕ್ಕೂ ಅದರದೇ ಮೌನ ಇರುತ್ತದೆ. ಆಮೇಲೆ ಎರಡು ತುಣುಕುಗಳನ್ನು ಜೋಡಿಸುವಾಗ ನಡುವೆ ಅದೇ ಮೌನ ಬೇಕು. ಬೇರೆ ಮೌನ ಹಾಕಿದರೆ ತೇಪೆ ಕಾಣುತ್ತದೆ. ಇನ್ನೊಂದು, ನುಡಿಸುವವರು ಕುರ್ಚಿ ಬಿಟ್ಟು ಏಳುವವರೆಗೆ ಟೇಪು ನಿಲ್ಲಿಸಬಾರದು.

ಎರಡನೆಯದರ ಬಗ್ಗೆ ನಾನು ವಾದ ಮಾಡಿದ್ದೆ. ಆಗ ಟೇಪು ದುಬಾರಿ. ಕೊನೆಯ ಸ್ವರ ಆರಿತು ಎಂದು ನನಗೆ ಸ್ಪಷ್ಟವಾಗಿ ಕೇಳುವಾಗ ಇನ್ನೂ ಓಡಿಸುವುದು ಯಾಕೆ?

"ಸಂಗೀತ ಮುಗಿಯಿತೋ ಇಲ್ಲವೋ ನಿಮಗೆ ಗೊತ್ತಾಗುವುದಿಲ್ಲ" ಎಂದರು ಬ್ರಾಂಟ್. "ಕುರ್ಚಿಗೆ ಗೊತ್ತಾಗುತ್ತದೆ."

ಇವತ್ತಿನವರ ಕಂಪ್ಯೂಟರುಗಳಲ್ಲಿ ಜಾಗದ ಕೊರತೆಯಿಲ್ಲ. ಆದರೂ ಸ್ವರ ಆರಿದ ಕೂಡಲೇ ನಿಲ್ಲಿಸುತ್ತಾರೆ. ಆಮೇಲೆ ಕೂತು ಕೇಳುವವರು ಯಾರು ಎನ್ನುತ್ತಾರೆ. ಅದೂ ಸರಿಯೇ.

ಅದೇ ಚರ್ಚಿನಲ್ಲಿ ನಡೆದ ಒಂದು ಫಜೀತಿಯನ್ನು ಹೇಳಬೇಕು. ಹಾರ್ಪ್ ವಾದ್ಯದ ಮುದ್ರಣ. ಎರಡು ದಿನ ಎಲ್ಲ ಚೆನ್ನಾಗಿ ನಡೆಯಿತು. ಡಾರ್ಮ್‌ಸ್ಟಾಟ್‌ಗೆ ಬಂದು ಜೋಡಿಸಲು ಕೂತರೆ ಬೆಳಗಿನ ತುಣುಕುಗಳಲ್ಲೆಲ್ಲ ತಳದಲ್ಲಿ ಒಂದು ಸಣ್ಣ ಗುಂಯ್ ಸದ್ದು. ಮಧ್ಯಾಹ್ನದವುಗಳಲ್ಲಿ ಇಲ್ಲ, ಸಂಜೆ ಮತ್ತೆ ಇದೆ. ಕೇಬಲ್ ಬದಲಿಸಿದೆ, ವಿದ್ಯುತ್ತಿನ ತಪ್ಪು ಎಂದುಕೊಂಡೆ, ಒಂದು ಹಾಳೆ ತುಂಬ ಗಣಿತ ಮಾಡಿದೆ. ಕೊನೆಗೆ ಮತ್ತೆ ಹಳ್ಳಿಗೆ ಹೋಗಿ ಕುರ್ಟ್‌ನನ್ನು ಕೇಳಿದೆ. ಕುರ್ಟ್ ಚರ್ಚಿನ ಪಕ್ಕದ ಹೊಲಮನೆಯ ರೈತ. ಚರ್ಚಿನ ಬೀಗದ ಕೈ ಅವನ ಹತ್ತಿರವೇ ಇರುತ್ತಿತ್ತು, ಗೋಪುರದ ಗಡಿಯಾರಕ್ಕೆ ಕೀಲಿ ಕೊಡುವವನೂ ಅವನೇ.

"ಬೆಳಿಗ್ಗೆ, ಸಂಜೆ" ಎಂದು ಅವನು ಯೋಚಿಸಿದ. "ನಮ್ಮ ಹಸುಗಳ ಸಂಗೀತ ಇರಬೇಕು, ಹೆರ್ ಡಾಕ್ಟರ್."

ಹಾಲು ಕರೆಯುವ ಯಂತ್ರದ ಪಂಪು. ಅದರ ಸದ್ದು ಕೊಟ್ಟಿಗೆಯಿಂದ ನೆಲದಡಿ ಹಾದು ಚರ್ಚಿನ ಕಲ್ಲಿಗೆ ಬರುತ್ತಿತ್ತು. ಬ್ರಾಂಟ್ ಅವರಿಗೆ ಹೇಳಿದಾಗ ಅವರು ನಗಲಿಲ್ಲ. ಇಡೀ ಕೆಲಸ ಮತ್ತೆ ಮಾಡಿಸಿದರು. ಆಮೇಲೆ ಹೊಸ ಗಿರಾಕಿ ಬಂದಾಗಲೆಲ್ಲ, "ನಮ್ಮ ಹೆರ್ ಪಾಟೀಲ್ ಹಾಲು ಕರೆಯುವ ಹೊತ್ತಿನ ತಜ್ಞರು" ಎಂದು ಪರಿಚಯ ಮಾಡಿಸುತ್ತಿದ್ದರು.

ಗಡಿಯಾರದ ಕಾಟವೂ ಇತ್ತು. ಗಂಟೆ ಬಾರಿಸುವ ಸುತ್ತಿಗೆಯನ್ನು ಕುರ್ಟ್ ನಮಗಾಗಿ ಕಟ್ಟಿಹಾಕುತ್ತಿದ್ದ. ಆದರೆ ಪ್ರತಿ ಕಾಲು ಗಂಟೆಗೆ ಗೋಪುರದೊಳಗೆ ಒಂದು ಕಬ್ಬಿಣದ ಸನ್ನೆಕೋಲು ಬೀಳುತ್ತಿತ್ತು. ಧಡ್ ಎಂಬ ಒಂದೇ ಸದ್ದು, ದೂರದಿಂದ. ಆದ್ದರಿಂದ ಸನ್ನೆ ಬೀಳುವ ಹೊತ್ತು ಹತ್ತಿರ ಬಂದರೆ ನಾವು ಕೆಲಸ ನಿಲ್ಲಿಸಿ ಕಾಯುತ್ತಿದ್ದೆವು, ಬಿದ್ದ ಮೇಲೆ ಶುರು ಮಾಡುತ್ತಿದ್ದೆವು. ಆ ಚರ್ಚಿನಲ್ಲಿ ಕೆಲಸ ಮಾಡಿದ ಯಾರಿಗೂ ಗೋಡೆಯ ಗಡಿಯಾರ ಬೇಕಾಗುತ್ತಿರಲಿಲ್ಲ. ಸನ್ನೆ ಬೀಳುವುದನ್ನು ಮೈ ಮೊದಲೇ ತಿಳಿದುಕೊಳ್ಳುತ್ತಿತ್ತು.

ಇಲ್ಲಿಗೆ ಫ್ರೌ ಶೆನ್, ಅಂದರೆ ಶ್ರೀಮತಿ ಶೆನ್, ಬಂದರು.

ಚೀನಾದಲ್ಲಿ ಗುಚಿನ್ ಎಂಬ ಹಳೆಯ ವಾದ್ಯವಿದೆ. ಉದ್ದನೆಯ ಕಪ್ಪು ಹಲಗೆ, ಏಳು ತಂತಿ, ಮೇಜಿನ ಮೇಲೆ ಮಲಗಿಸಿ ನುಡಿಸುತ್ತಾರೆ. ಬಲಗೈ ಮೀಟುತ್ತದೆ, ಎಡಗೈಯ ಬೆರಳು ತಂತಿಯ ಮೇಲೆ ಜಾರುತ್ತಾ ಸ್ವರವನ್ನು ಎಳೆಯುತ್ತದೆ. ಧ್ವನಿ ಎಷ್ಟು ಸಣ್ಣದೆಂದರೆ ಪಕ್ಕದಲ್ಲಿ ಒಬ್ಬರು ಕೋಟು ಬಿಚ್ಚಿದರೂ ಮುಚ್ಚಿಹೋಗುತ್ತದೆ. ಫ್ರೌ ಶೆನ್ ಡಾರ್ಮ್‌ಸ್ಟಾಟ್‌ನ ಸಂಗೀತ ಶಾಲೆಯಲ್ಲಿ ಮಕ್ಕಳಿಗೆ ಪಿಯಾನೋ ಕಲಿಸುತ್ತಿದ್ದರು. ಗುಚಿನ್ ಕೇಳುವವರು ಇಲ್ಲಿ ಯಾರಿದ್ದಾರೆ? ಗಂಡ ತೀರಿಕೊಂಡ ಮೇಲೆ, ಮಕ್ಕಳೂ ಇಲ್ಲದ್ದರಿಂದ, ಕೂಡಿಟ್ಟದ್ದನ್ನು ಒಂದು ಮುದ್ರಣಕ್ಕೆ ಖರ್ಚು ಮಾಡುತ್ತೇನೆ ಎಂದು ಬಂದರು.

ಎಲ್ಲವೂ ಹಳ್ಳಿಯ ಬದುಕಿನ ರಚನೆಗಳು. ಮೀನು ಹಿಡಿಯುವವರು, ಸೌದೆ ಕಡಿಯುವವರು, ಗದ್ದೆಗೆ ನೀರು ಎತ್ತುವ ಚಕ್ರ, ರೇಷ್ಮೆ ಹುಳು ಎಲೆ ತಿನ್ನುವುದು. ಕೆಲವು ಬಹಳ ಹಳೆಯವು, ಕೆಲವನ್ನು ಅವರೇ ಕಟ್ಟಿದ್ದರು. ಕೊನೆಯದು ಅವರದೇ. ಸಂಜೆ ಹೊಲದಿಂದ ಜನ ಹಿಂದಿರುಗುತ್ತಾರೆ, ಒಬ್ಬೊಬ್ಬರೇ. ಅಷ್ಟೇ ಅದರ ವಿಷಯ. ಸ್ವರಗಳು ಒಂದೊಂದಾಗಿ ಕಡಿಮೆಯಾಗುತ್ತವೆ, ಕೊನೆಗೆ ಬೆರಳು ಮಾತ್ರ ತಂತಿಯ ಮೇಲೆ ಜಾರುತ್ತಿರುತ್ತದೆ, ಧ್ವನಿ ಇರುವುದಿಲ್ಲ.

"ನೀವು ಯಾವ ಹಳ್ಳಿಯವರು?" ಎಂದು ಮೊದಲ ದಿನ ಗುಂಡಿ ಒತ್ತಿ ಕೇಳಿದ್ದೆ.

ನಗು ಬಂತು ಸ್ಪೀಕರಿನಿಂದ. "ಸಿಮೆಂಟ್ ಕಾರ್ಖಾನೆಯ ಪಕ್ಕದ ಕಟ್ಟಡ, ಒಂಬತ್ತನೇ ಮಹಡಿ. ಹಸುವನ್ನು ನಾನು ಮೊದಲು ಹತ್ತಿರದಿಂದ ನೋಡಿದ್ದು ಜರ್ಮನಿಯಲ್ಲಿ. ನೀವು?"

"ಹುಬ್ಬಳ್ಳಿ. ರೈಲ್ವೆ ಕ್ವಾರ್ಟರ್ಸ್."

"ಪಾಟೀಲ್ ಅಂದರೆ ಏನರ್ಥ?"

"ಊರ ಗೌಡ."

"ಊರಿಲ್ಲದ ಗೌಡರು" ಎಂದು ಮತ್ತೆ ನಕ್ಕರು. "ಚಿಂತೆ ಬೇಡ. ಈ ಹಳೆಯ ರಚನೆಗಳನ್ನು ಮಾಡಿದವರು ಯಾರು ಅಂದುಕೊಂಡಿರಿ? ಎಲ್ಲ ಸರ್ಕಾರಿ ಅಧಿಕಾರಿಗಳು. ಕಚೇರಿ ಸಾಕಾಗಿ, ಸೌದೆ ಕಡಿಯುವವನ ಬಾಳು ಎಷ್ಟು ಚೆಂದ ಎಂದು ಕೂತು ಬರೆದರು. ಒಬ್ಬನೂ ಕೊಡಲಿ ಎತ್ತಿದವನಲ್ಲ."

"ಹಾಗಾದರೆ ಸುಳ್ಳಲ್ಲವೇ?"

"ನುಡಿಸುತ್ತೇನೆ, ಹೆರ್ ಪಾಟೀಲ್. ಸುಳ್ಳು ಎಲ್ಲಿದೆ ಎಂದು ಕೇಳಿ ಹೇಳಿ."

ನನಗೆ ಆಗಲೂ ಗೊತ್ತಾಗಲಿಲ್ಲ, ಈಗಲೂ ಗೊತ್ತಿಲ್ಲ. ಹುಬ್ಬಳ್ಳಿ-ಧಾರವಾಡದ ಕಡೆಯವನು ಎಂದರೆ ಸಂಗೀತ ಬರುತ್ತದೆ ಎಂದು ಇಲ್ಲಿಯ ಕನ್ನಡದವರು ತಿಳಿಯುತ್ತಾರೆ. ಕನ್ನಡ ಸಂಘದ ದೀಪಾವಳಿಗೆ ಹೋದಾಗಲೆಲ್ಲ ಯಾರೋ ಒಂದು ಪದ ಹಾಡಿ ಅನ್ನುತ್ತಾರೆ. ನನಗೆ ಬಾರದು. ನಾನು ಕೇಳಲು ಕಲಿತವನು, ಅದೂ ತಪ್ಪುಗಳನ್ನು. ಸಂಗೀತ ಚೆನ್ನಾಗಿ ಹೋಗುತ್ತಿದ್ದರೆ ನನಗೆ ಕೆಲಸವಿಲ್ಲ.

ಫ್ರೌ ಶೆನ್ ಜೊತೆಗಿನ ಒಂದೇ ಜಗಳ ಬೆರಳಿನ ಸದ್ದಿನ ಬಗ್ಗೆ. ಚರ್ಮ ತಂತಿಗೆ ತಾಗಿ ಸರ್ ಎನ್ನುತ್ತದೆ. ನನಗೆ ಅದು ಗದ್ದಲ. ಮೈಕನ್ನು ದೂರ ಇಟ್ಟೆ. ಅವರು ಒಂದು ತುಣುಕು ಕೇಳಿ ಎದ್ದು ಬಂದು ಮೈಕನ್ನು ಕೈಯಾರೆ ಹತ್ತಿರ ಎಳೆದುಕೊಂಡರು.

"ನಡೆಯುವವನ ಹೆಜ್ಜೆ ತೆಗೆದರೆ ಉಳಿಯುವುದೇನು?" ಎಂದರು.

ಹೆಜ್ಜೆ ಉಳಿಯಿತು. ಮುದ್ರಣ ಹೊರಬಂತು, ಬಹಳ ಜನ ಕೊಳ್ಳಲಿಲ್ಲ. ಒಬ್ಬ ವಿಮರ್ಶಕ ಗೀರುವ ಸದ್ದು ಹೆಚ್ಚಾಯಿತು ಎಂದು ಬರೆದ.

ಆಮೇಲಿನ ವರ್ಷಗಳಲ್ಲಿ ಕೆಲಸ ಬದಲಾಯಿತು. ನಾನು ಸೇರಿದಾಗ ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸುತ್ತಿದ್ದೆವು. ತಪ್ಪಿ ಕತ್ತರಿಸಿದರೆ ನೆಲದ ಮೇಲೆ ಬಗ್ಗಿ ಹುಡುಕಬೇಕು. ಆಮೇಲೆ ಕಂಪ್ಯೂಟರ್ ಬಂತು, ಕತ್ತರಿಸಿದ್ದನ್ನು ಮತ್ತೆ ಸೇರಿಸಬಹುದಾಯಿತು. ಈಗ ಧ್ವನಿಯನ್ನು ಚಿತ್ರವಾಗಿ ನೋಡುತ್ತಾರೆ. ಗದ್ದಲ ಎಂದು ತಂತ್ರಾಂಶಕ್ಕೆ ಅನ್ನಿಸಿದ್ದಕ್ಕೆ ಕೆಂಪು ಬಣ್ಣ ಬರುತ್ತದೆ. ಒತ್ತಿದರೆ ಮಾಯ. ಅಲ್ಲಿ ಏನೋ ಇತ್ತು ಎಂಬ ಕುರುಹೂ ಇರುವುದಿಲ್ಲ. ಇದನ್ನು ದೂರುತ್ತಿಲ್ಲ. ನನ್ನ ಕಾಲದಲ್ಲಿ ಇದ್ದಿದ್ದರೆ ಎಲ್ಲರಿಗಿಂತ ಹೆಚ್ಚು ಒತ್ತುತ್ತಿದ್ದವನು ನಾನೇ.

ಬ್ರಾಂಟ್ ತೀರಿಕೊಂಡರು, ಕಂಪನಿ ಮುಚ್ಚಿತು, ನಾನು ನಿವೃತ್ತನಾದೆ. ಫ್ರೌ ಶೆನ್ ಹೋದ ಸುದ್ದಿ ಸಂಗೀತ ಶಾಲೆಯವರಿಂದ ತಡವಾಗಿ ಬಂತು, ಇಮೇಲಿನಲ್ಲಿ. ನಾವು ಒಂದೇ ಊರಿನಲ್ಲಿದ್ದೆವು. ಒಂದೆರಡು ಸಲ ಟ್ರಾಮಿನಲ್ಲಿ ಸಿಕ್ಕಿದ್ದರು. ಎದುರುಬದುರು ನಿಂತಾಗ ಏನು ಮಾತಾಡುವುದೆಂದು ಇಬ್ಬರಿಗೂ ತೋಚಲಿಲ್ಲ. ನಮ್ಮ ಮಧ್ಯೆ ಗೋಡೆ ಇರಲಿಲ್ಲವಲ್ಲ.

ಈ ವರ್ಷ ಫೆಬ್ರವರಿಯಲ್ಲಿ ಮೇಘನಾ ಫೋನ್ ಮಾಡಿದಳು. ಅದಕ್ಕೆ ಮೊದಲು ಅವಳ ಪರಿಚಯ ಇರಲಿಲ್ಲ. ಹಳೆಯ ಸಿ.ಡಿ.ಯ ಹಿಂದೆ ನನ್ನ ಹೆಸರು ನೋಡಿ ಹುಡುಕಿದ್ದಳಂತೆ.

"ಪಾಟೀಲ್ ಸರ್, ನಿಮ್ಗೆ ಫ್ರೌ ಶೆನ್ ನೆನಪುಂಟಾ? ಅವ್ರ ರೆಕಾರ್ಡಿಂಗ್ ನಾವು ರೀಮಾಸ್ಟರ್ ಮಾಡ್ತಾ ಇದ್ದೇವೆ. ಲಾಸ್ಟ್ ಪೀಸಿನ ಎಂಡಲ್ಲಿ ಒಂದು ಸೌಂಡ್ ಉಂಟು, ಧಡ್ ಅಂತ. ಎಂತ ಅದು?"

"ಯಾಕವಾ?"

"ಸಾಫ್ಟ್‌ವೇರ್ ಅದನ್ನ ಕೆಂಪು ಮಾಡಿ ತೋರಿಸ್ತದೆ. ತೆಗೀಲಿಕ್ಕೆ ಹೇಳಿದ್ದಾರೆ ಬಾಸ್. ನಂಗೆ ಯಾಕೋ ಕೈ ಬರ್ತಾ ಇಲ್ಲ. ನುಡಿಸಿದವ್ರು ಬೇಕಂತ ಮಾಡಿದ್ದಾದ್ರೆ ತೆಗೆಯೋದು ತಪ್ಪಲ್ವಾ? ಕೇಳ್ಲಿಕ್ಕೆ ಅವ್ರ ಮನೆಯವ್ರೂ ಯಾರೂ ಇಲ್ಲ. ನೀವೇ ಹೇಳ್ಬೇಕು."

ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ. "ಮುಟ್ಟಬ್ಯಾಡ ಅದನ್ನ. ಬೇಕಂತನ ಮಾಡಿದ್ದು. ಗುಚಿನ್ ಹಲಿಗಿ ಮ್ಯಾಲೆ ಬೆರಳ ಗೆಣ್ಣಿಲೆ ಒಮ್ಮೆ ಬಡೀತಾರ. ಅವರ ಅಜ್ಜಿ ನದಿ ದಂಡಿಗೆ ಅರಿವಿ ಒಗೀತಿದ್ದಳಂತ. ಸಂಜಿಮುಂದ ಕಡೀ ಅರಿವಿ ಕಲ್ಲಿಗೆ ಬಡದು ಮನಿಗೆ ಬರೂದು. ಆ ಸಪ್ಪಳ ಅದು. ನನಗ ಅವರ ಬಾಯಿಲೇ ಹೇಳ್ಯಾರ."

"ಅದು ಗಡಿಯಾರ ಅಲ್ವಾ ಸರ್? ಬೇರೆ ರೆಕಾರ್ಡಿಂಗಲ್ಲಿ ಚರ್ಚಿನ ಗಡಿಯಾರ ಉಂಟು ಅಂತ ನೋಟ್ ಇತ್ತು."

"ಅಲ್ಲ. ಆ ವಾರ ಗಡಿಯಾರ ನಿಲ್ಲಿಸಿದ್ವಿ. ವಾದ್ಯದ ಧ್ವನಿ ಭಾಳ ಸಣ್ಣದಿತ್ತಲ್ಲ, ಕುರ್ಟ್ ಪೂರಾ ನಿಲ್ಲಿಸಿ ಕೊಟ್ಟಿದ್ದ."

"ಎಷ್ಟು ಚೆಂದ ಉಂಟು ಮಾರಾಯ್ರೆ ಇದು" ಎಂದಳು ಮೇಘನಾ. ಅವಳ ದನಿಯಲ್ಲಿ ನಿರಾಳ ಕೇಳಿಸಿತು. "ಅಜ್ಜಿ ಕಥೆ ನಾನು ಬುಕ್‌ಲೆಟ್‌ನಲ್ಲಿ ಹಾಕ್ತೇನೆ, ನಿಮ್ಮ ಹೆಸರಲ್ಲಿ. ಆಗ ಬಾಸ್ ಏನೂ ಹೇಳುದಿಲ್ಲ."

ಫೋನ್ ಇಟ್ಟ ಮೇಲೆ ಖುಷಿಯಾಗಿ ಚಹಾ ಮಾಡಿಕೊಂಡೆ. ಬಹಳ ದಿನದ ಮೇಲೆ ಯಾರಿಗೋ ನನ್ನಿಂದ ಕೆಲಸ ಬಿದ್ದಿತ್ತು. ನಿಜ ಹೇಳಬೇಕೆಂದರೆ ಕನ್ನಡದಲ್ಲಿ ಅಷ್ಟು ಮಾತಾಡಿಯೂ ಬಹಳ ದಿನವಾಗಿತ್ತು. ಕಿಟಕಿಯ ಹತ್ತಿರ ಕೂತು ಆ ಅಜ್ಜಿಯನ್ನು ಕಣ್ಣಮುಂದೆ ತಂದುಕೊಂಡೆ. ನೀರು, ಕಲ್ಲು, ಬಗ್ಗಿದ ಬೆನ್ನು. ಎತ್ತಿ ಕಟ್ಟಿದ ಸೀರೆ. ಸೀರೆಗೆ ಅಗಲವಾದ ಕೆಂಪು ಸೆರಗು, ಇಳಕಲ್ಲಿನದು.

ಚಹಾ ಕೆಳಗಿಟ್ಟೆ. ಚೀನಾದ ಮುದುಕಿಯೊಬ್ಬಳು ಇಳಕಲ್ ಸೀರೆ ಉಟ್ಟು ಬಟ್ಟೆ ಒಗೆಯುತ್ತಿದ್ದಳು.

ಅದು ನನ್ನ ಅಜ್ಜಿ. ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆ. ಚಿಕ್ಕವನಿದ್ದಾಗ ಅಲ್ಲಿ ಕೂತು ನೋಡುತ್ತಿದ್ದೆ. ಬಟ್ಟೆ ಕಲ್ಲಿಗೆ ಬಡಿದದ್ದು ಮೊದಲು ಕಾಣುತ್ತಿತ್ತು, ಸದ್ದು ಚೂರು ತಡವಾಗಿ ಬರುತ್ತಿತ್ತು. ಅದನ್ನು ನೋಡಿಯೇ ನಾನು ಧ್ವನಿಶಾಸ್ತ್ರಕ್ಕೆ ಬಂದೆ ಎಂದು ಕೆಲವರಿಗೆ ಹೇಳಿದ್ದೇನೆ. ಈಗ ಅದೂ ಎಷ್ಟು ನಿಜವೋ. ಹಾಗಾದರೆ ಫ್ರೌ ಶೆನ್ ತಮ್ಮ ಅಜ್ಜಿಯ ಬಗ್ಗೆ ಏನಾದರೂ ಹೇಳಿದ್ದರೇ? ಒಂಬತ್ತನೇ ಮಹಡಿಯಲ್ಲಿ ಹುಟ್ಟಿದವರಿಗೆ ನದಿ ದಂಡೆಯ ಅಜ್ಜಿ ಇರಬಾರದೆಂದೇನಿಲ್ಲ. ಆದರೆ ಆ ಮಾತನ್ನು ಅವರು ಯಾವಾಗ ಹೇಳಿದರು ಎಂದು ಹುಡುಕಿದರೆ, ಚರ್ಚಿನ ಬಾಗಿಲಲ್ಲಿ ಹಿಮ ಬೀಳುತ್ತಿರುವುದು ಕಾಣುತ್ತದೆ. ಮುದ್ರಣ ನಡೆದದ್ದು ಜುಲೈನಲ್ಲಿ. ಟ್ರಾಕ್ಟರುಗಳು ಹುಲ್ಲು ಸಾಗಿಸುತ್ತಿದ್ದವು.

ಸುಳ್ಳೊಂದು ಮುದ್ರಣವಾಗಿ, ಫ್ರೌ ಶೆನ್ ಅವರ ಅಜ್ಜಿಯಾಗಿ ನನ್ನ ಅಜ್ಜಿ ಶಾಶ್ವತವಾಗಿ ನಿಂತುಬಿಡುವ ಮೊದಲು ಏನಾದರೂ ಮಾಡಬೇಕಿತ್ತು. ಮರುದಿನ ಟ್ರಾಮು, ಬಸ್ಸು ಹಿಡಿದು ಆ ಹಳ್ಳಿಗೆ ಹೋದೆ.

ಕುರ್ಟ್ ಇದ್ದ. ಮುದುಕನಾಗಿದ್ದ, ನಾನೂ ಹಾಗೆ ಕಂಡಿರಬೇಕು. ಕೊಟ್ಟಿಗೆ ಖಾಲಿ, ಹಸುಗಳನ್ನು ಮಾರಿದ್ದನಂತೆ. ಬೀಗದ ಕೈ ತಂದು ಚರ್ಚಿನ ಬಾಗಿಲು ತೆರೆದ. ನಾನು ಬೆಂಚಿನ ಮೇಲೆ ಕೂತು ಕಾದೆ. ಕಾಲು ಗಂಟೆಯಾಯಿತು. ಮೈಗೆ ಗೊತ್ತಾಯಿತು. ಏನೂ ಬೀಳಲಿಲ್ಲ.

"ಈಗ ವಿದ್ಯುತ್ತಿನದು" ಎಂದ ಕುರ್ಟ್. "ಸದ್ದಿಲ್ಲ. ನಿಮಗೆ ಆಗ ಇದು ಬೇಕಿತ್ತು, ಅಲ್ಲವೇ ಹೆರ್ ಡಾಕ್ಟರ್?"

"ಚೀನಾದ ಹೆಂಗಸೊಬ್ಬರು ಬಂದಿದ್ದರು, ನೆನಪಿದೆಯೇ? ಅವರಿಗಾಗಿ ನೀನು ಹಳೆಯ ಗಡಿಯಾರವನ್ನು ನಿಲ್ಲಿಸಿದ್ದೆ."

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. "ನಾನೇ? ಗಡಿಯಾರವನ್ನೇ? ಅಮ್ಮ ಸತ್ತ ದಿನವೂ ಹತ್ತಿ ಹೋಗಿ ಕೀಲಿ ಕೊಟ್ಟು ಬಂದವನು ನಾನು. ಸುತ್ತಿಗೆ ಕಟ್ಟಿದ್ದೇನೆ. ಗಡಿಯಾರ ನಿಲ್ಲಿಸಿದ್ದು ಎಂದೂ ಇಲ್ಲ."

"ಖಂಡಿತವೇ?"

"ನೀವು ಬಂದು ಬೇಡಿಕೊಂಡಿರಿ. ನಾನು ಆಗುವುದಿಲ್ಲ ಅಂದೆ. ನಿಮ್ಮ ಮುಖ ಇನ್ನೂ ಕಣ್ಣಲ್ಲಿದೆ." ಹೇಳಿ ನಕ್ಕ. ಅವನ ನೆನಪನ್ನಾದರೂ ಯಾಕೆ ನಂಬಬೇಕು ಎಂದುಕೊಂಡೆ. ಆದರೆ ಅವನಿಗೆ ಇದರಲ್ಲಿ ಲಾಭವೇನಿಲ್ಲ. ನನಗಿತ್ತು.

ಬಸ್ಸಿಗೆ ಕಾಯುತ್ತಾ ಮೇಘನಾಗೆ ಫೋನ್ ಮಾಡಿದೆ. "ತಗದಬಿಡವಾ ಆ ಸಪ್ಪಳ. ಗಡಿಯಾರದ್ದು ಅದು. ಅಜ್ಜಿ ಗಿಜ್ಜಿ ಏನೂ ಬರೀಬ್ಯಾಡ. ನನಗ ತಪ್ಪು ನೆನಪಿತ್ತು."

"ಗಡಿಯಾರ ಆದ್ರೆ ಗದ್ದಲವೇ ಅಲ್ವಾ, ಸರಿ" ಎಂದಳು. ಆಮೇಲೆ, "ಸರ್, ತೆಗೆಯೋ ಮೊದ್ಲು ಒಂದು ಸಲ ಬನ್ನಿ. ಸೆಷನ್‌ನ ಟೇಪ್ ಪೂರ್ತಿ ಉಂಟು ಇಲ್ಲಿ, ನೀವು ನಡುವೆ ಮಾತಾಡಿದ್ದೂ ಉಂಟು. ನಾನು ನಿನ್ನೆಯಿಂದ ಕೇಳ್ತಾ ಇದ್ದೇನೆ. ನೀವೂ ಕೇಳಿ, ಮತ್ತೆ ಹೇಳಿ."

ಎಷ್‌ಬಾರ್ನ್‌ನಲ್ಲಿ ಅವಳ ಸ್ಟುಡಿಯೋ ಕಚೇರಿ ಕಟ್ಟಡವೊಂದರ ನೆಲಮಾಳಿಗೆಯಲ್ಲಿ. ಮೇಘನಾ ಎತ್ತರದ ಹುಡುಗಿ, ಕುತ್ತಿಗೆಗೆ ಹೆಡ್‌ಫೋನ್. ನನಗಾಗಿ ಕುರ್ಚಿ ಒರೆಸಿ ಇಟ್ಟಿದ್ದಳು. ಕೊನೆಯ ರಚನೆಯ ಮುದ್ರಣವನ್ನು ಮೊದಲಿನಿಂದ ಹಚ್ಚಿದಳು.

ಮೊದಲ ಸಲ ಫ್ರೌ ಶೆನ್ ನುಡಿಸಿ ಮುಗಿಸುತ್ತಾರೆ. ತಪ್ಪಿಲ್ಲ. ಬೆರಳು ಜಾರಿ ನಿಲ್ಲುತ್ತದೆ. ಮೌನ. ತುಸು ಹೊತ್ತಿನ ಮೇಲೆ, ದೂರದಲ್ಲಿ, ಧಡ್. "ಇನ್ನೊಮ್ಮೆ" ಎನ್ನುತ್ತಾರೆ. ಎರಡನೆಯ ಸಲವೂ ತಪ್ಪಿಲ್ಲ. ಬೆರಳು ಇನ್ನೂ ನಡುವೆ ಇರುವಾಗ ಧಡ್. "ಇನ್ನೊಮ್ಮೆ." ಆಮೇಲೆ ಒಂದು ದನಿ ಬಂತು, ಒಣದನಿ, ಅವಸರದ್ದು, ಅದು ನಾನೆಂದು ಹೊಳೆಯಲು ಹೊತ್ತು ಹಿಡಿಯಿತು.

"ಫ್ರೌ ಶೆನ್, ಈಗ ಶುರು ಮಾಡಿದರೆ ಮುಗಿಯುವಾಗ ಸರಿಯಾಗಿ ಗಡಿಯಾರ ಬೀಳುತ್ತದೆ. ಅದು ಬಿದ್ದ ಮೇಲೆ ಶುರು ಮಾಡೋಣ."

"ಇಲ್ಲ" ಎಂದರು ಅವರು. "ಈಗಲೇ."

ಮೇಘನಾ ನನ್ನ ಮುಖ ನೋಡಿದಳು. ನಾನು ತೆರೆಯ ಮೇಲಿನ ಚಿತ್ರ ನೋಡುತ್ತಿದ್ದೆ.

ಅವರು ನುಡಿಸಿದರು. ಎಲ್ಲ ಹಿಂದಿನಂತೆಯೇ, ಆದರೆ ಕೊನೆಗೆ ಬಂದಾಗ ತುಸು ತಡೆದರು. ಸ್ವರಗಳು ಮುಗಿದವು. ಬೆರಳು ಮಾತ್ರ ತಂತಿಯ ಮೇಲೆ ನಡೆಯಿತು, ನಡೆಯಿತು, ನಿಂತಿತು. ನಿಂತ ಜಾಗಕ್ಕೆ ಸರಿಯಾಗಿ ಗೋಪುರದೊಳಗಿನ ಕಬ್ಬಿಣ ಬಿತ್ತು. ಧಡ್. ಬಾಗಿಲೊಂದು ಮುಚ್ಚಿಕೊಂಡ ಹಾಗೆ.

"ಗಡಿಯಾರವೇ" ಎಂದೆ.

"ಹೌದು. ಆದ್ರೆ ಅವ್ರು ಅದಕ್ಕೇ ಕಾಯ್ತಾ ಇದ್ದದ್ದಲ್ವಾ ಸರ್?"

"ಹೌದವಾ. ಬಿಡು ಅದನ್ನ. ಬುಕ್‌ಲೆಟ್‌ನಾಗ ಗಡಿಯಾರ ಅಂತನ ಬರಿ."

"ಬಾಸ್ ಹತ್ರ ನಾನು ಮಾತಾಡ್ತೇನೆ. ಇದನ್ನೇ ಕೇಳಿಸ್ತೇನೆ." ಅವಳ ಕೈ ನಿಲ್ಲಿಸಲು ಹೋಯಿತು, ಹೋದದ್ದು ತಡೆಯಿತು. "ಇನ್ನೂ ಸ್ವಲ್ಪ ಉಂಟು. ಕೇಳ್ತೀರಾ?"

ಟೇಪು ಓಡುತ್ತಿತ್ತು. ಬ್ರಾಂಟ್ ಅವರ ಎರಡನೆಯ ಕಟ್ಟಳೆ. ಮತ್ತೆ ನನ್ನ ದನಿ ಬಂತು.

"ಗಡಿಯಾರ ಬಿತ್ತು, ಫ್ರೌ ಶೆನ್. ಇನ್ನೊಮ್ಮೆ ಮಾಡೋಣವೇ?"

"ಬೇಡ, ಹೆರ್ ಪಾಟೀಲ್. ಈಗ ಎಲ್ಲರೂ ಮನೆ ಸೇರಿದರು."

ಈ ಮಾತನ್ನು ಅವರು ನನಗೇ ಹೇಳಿದ್ದರು. ನನ್ನ ಹೆಸರು ಹಿಡಿದು ಹೇಳಿದ್ದರು. ಹೇಳದ ಅಜ್ಜಿಯ ಕಥೆಯನ್ನು ಸೀರೆಯ ಸೆರಗಿನ ಸಮೇತ ಇಟ್ಟುಕೊಂಡಿದ್ದ ನನಗೆ ಈ ಮಾತಿನ ಒಂದಕ್ಷರವೂ ನೆನಪಿರಲಿಲ್ಲ. ಈಗ ಕೇಳಿದ ಮೇಲೂ ನೆನಪಿಗೆ ಬರಲಿಲ್ಲ. ಬೇರೆ ಯಾರಿಗೋ ಹೇಳಿದ್ದನ್ನು ಗೋಡೆಯ ಈಚೆ ಕೂತು ಕೇಳಿದಂತಾಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಡಬ್ಬಿಯೊಂದರ ಮುಚ್ಚಳ ತಿರುಗಿಸುವ ಸದ್ದು. "ನೀವೂ ಈಚೆ ಬನ್ನಿ. ಫ್ಲಾಸ್ಕಿನಲ್ಲಿ ಚಹಾ ಇದೆ. ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ."

"ಬರುತ್ತೇನೆ" ಎಂದಿತು ನನ್ನ ದನಿ. "ಖಾಲಿ ಕೋಣೆ ಮುದ್ರಿಸಿಕೊಳ್ಳಬೇಕು. ನೀವು ಹೊರಗೆ ಹೋಗಿ, ಬಾಗಿಲು ಹಾಕಿಕೊಳ್ಳಿ."

ಕುರ್ಚಿ ಸರಿಯಿತು. ಹೆಜ್ಜೆಗಳು ಕಲ್ಲಿನ ಮೇಲೆ ದೂರ ಹೋದವು. ಬಾಗಿಲು ಮುಚ್ಚಿತು. ಆಮೇಲೆ ಆ ಚರ್ಚಿನ ಮೌನ, ಜುಲೈ ತಿಂಗಳಿನದು, ಎಲ್ಲೋ ಬಹಳ ದೂರದಲ್ಲಿ ಒಂದು ಟ್ರಾಕ್ಟರು. ಮೇಘನಾ ನಿಲ್ಲಿಸಲಿಲ್ಲ. ನಾವಿಬ್ಬರೂ ಕೂತು ಕೇಳಿದೆವು. ಬಹಳ ಉದ್ದಕ್ಕೆ ಮುದ್ರಿಸಿದ್ದೆ, ಬೇಕಾದ್ದಕ್ಕಿಂತ ಬಹಳ ಉದ್ದಕ್ಕೆ.

"ಚಹಾಕ್ಕೆ ಹೋದ್ರಾ ಸರ್ ನೀವು?" ಎಂದು ಕೇಳಿದಳು.

ನೆನಪಿಲ್ಲ. ಟೇಪಿನಲ್ಲೂ ಇಲ್ಲ.